‘ಬಳ್ಳೊಳ್ಳಿ ಕೊಳೆಗೆ ಎರಿ ಮಣ್ಣೇ ಕಾರಣ’ ಎಂದು ಬರೆದವರಿಗೆ

ನಮಸ್ಕಾರ.

ಭಾಲ್ಕಿಯಿಂದ ನೀವು ಕಳಿಸಿದ ಲೇಖನ ಓದಿದೆ. ಈಗಿರುವಂತೆ ಅಚ್ಚು ಹಾಕಲು ಬರುವುದಿಲ್ಲ. ನಿಮ್ಮ ಮಾತು ನಂಬಿ ಹಿಂಗಾರಿಗೆ ಒಬ್ಬ ರೈತ ಎಕರೆಗೆ ಎರಡು ಕ್ವಿಂಟಲ್ ಎಸಳು ಊರುತ್ತಾನೆ; ಬೀಜಕ್ಕೇ ಇಷ್ಟು ದುಡ್ಡು ಬೇಡುವ ಬೆಳೆಯಲ್ಲಿ ಅಂದಾಜಿನ ಮಾತು ನಡೆಯದು.

ಬಿಳಿ ಬೂಸ್ಟು ಕಂಡಲ್ಲೆಲ್ಲ ‘ಬಿಳಿ ಕೊಳೆ’ ಎಂದು ಬರೆದಿದ್ದೀರಿ. ಮೂರು ಬೇರೆ ಶಿಲೀಂಧ್ರಗಳು ಬಿಳಿ ಬೂಸ್ಟು ತರುತ್ತವೆ. ಗಡ್ಡೆಯನ್ನು ಉದ್ದಕ್ಕೆ ಸೀಳಿ ನೋಡಿ. ಬೇರು ಹುಟ್ಟುವ ತಳದ ಬಿಲ್ಲೆ ಕಂದಾಗಿ, ಬೇರು ಎಳೆದರೆ ಸಲೀಸಾಗಿ ಕಿತ್ತು ಬಂದರೆ ಫ್ಯುಸೇರಿಯಂ ಬುಡ ಕೊಳೆ. ಅದಕ್ಕೆ 25ರಿಂದ 28 ಡಿಗ್ರಿಯ ಬೆಚ್ಚನೆ ಮಣ್ಣು ಬೇಕು. ಬೂಸ್ಟಿನೊಳಗೆ ಗಸಗಸೆ ಗಾತ್ರದ ಕರಿ ಕಾಳಿದ್ದರೆ ನಿಜವಾದ ಬಿಳಿ ಕೊಳೆ. ಅದು ತಂಪು ಮಣ್ಣಿನದು, 25 ಡಿಗ್ರಿ ದಾಟಿದರೆ ಹರಡುವುದಿಲ್ಲ. ಸಾಸಿವೆಯಷ್ಟು ಕಂದು ಕಾಳಿದ್ದರೆ ಸ್ಕ್ಲೆರೋಷಿಯಂ ರಾಲ್ಫ್ಸಿ ಎಂಬ ಮೂರನೇ ಶಿಲೀಂಧ್ರ. ಅದಕ್ಕೆ ಬಿಸಿಯೂ ಹಸಿಯೂ ಒಟ್ಟಿಗೆ ಬೇಕು.

ಇನ್ನು ಎರಿ, ಅಂದರೆ ಕಪ್ಪು ಮಣ್ಣೇ ಕೊಳೆ ತರುತ್ತದೆಂಬ ನಿಮ್ಮ ಮುಖ್ಯ ವಾದ. ಎರಿ ಮಣ್ಣಿನಲ್ಲಿರುವ ಸ್ಮೆಕ್ಟೈಟ್ ಎಂಬ ಜೇಡಿ ಫ್ಯುಸೇರಿಯಂ ಸೊರಗನ್ನು ತಡೆಯುತ್ತದೆಂಬುದು ಮಧ್ಯ ಅಮೆರಿಕದ ಬಾಳೆ ತೋಟಗಳಲ್ಲೇ ಕಂಡುಬಂದ ಸಂಗತಿ. ಕಲಬುರಗಿಯ ಎರಿಯ ರಸಸಾರವೂ (ಪಿಎಚ್) 8ರ ಆಸುಪಾಸು, ಅಂದರೆ ಹುಳಿಯಲ್ಲ, ಕ್ಷಾರ. ಫ್ಯುಸೇರಿಯಂಗೆ ಹುಳಿ ಮಣ್ಣೇ ಹೆಚ್ಚು ಒಗ್ಗುತ್ತದೆ. ಹಾಗಿದ್ದೂ ಎರಿಯಲ್ಲಿ ಗಡ್ಡೆ ಕೊಳೆಯುವುದೇಕೆ? ನೀರು. ಜೇಡಿ ಉಬ್ಬಿ ರಂಧ್ರ ಮುಚ್ಚುತ್ತದೆ, ಬೇರಿಗೆ ಗಾಳಿ ಸಿಗದೆ ತುದಿ ಸಾಯುತ್ತದೆ, ಆ ಗಾಯದಿಂದ ಶಿಲೀಂಧ್ರ ಒಳಗೆ ಹೋಗುತ್ತದೆ. ಬೀದರ ಕಡೆಯ ಕೆಂಪು ಮಣ್ಣಿನಲ್ಲಿ ನೀರು ಬಸಿಯುತ್ತದೆ, ಆದರೆ ರಸಸಾರ ಕಡಿಮೆ; ಅಲ್ಲಿ ಅಮೋನಿಯಂ ರೂಪದ ಸಾರಜನಕ ಹೆಚ್ಚಾದಷ್ಟೂ ರೋಗಕ್ಕೆ ಅನುಕೂಲ. ಲೇಖನದ ಜೀವ ಇರಬೇಕಾದದ್ದು ಈ ವ್ಯತ್ಯಾಸದಲ್ಲಿ. ಅದನ್ನೇ ನೀವು ಒಂದು ಸಾಲಿನಲ್ಲಿ ದಾಟಿಬಿಟ್ಟಿದ್ದೀರಿ.

ಓದುಗರಿಗೆ ಪರೀಕ್ಷೆಯೊಂದನ್ನು ಕೊಡಿ: ಒಂದು ಅಡಿ ಆಳದ ಗುಂಡಿ ತೋಡಿ ನೀರು ತುಂಬಿ, ಇಂಗಿದ ಮೇಲೆ ಮತ್ತೆ ತುಂಬಿ. ಎರಡನೇ ಸಲದ ನೀರು ಮರುದಿನವೂ ನಿಂತಿದ್ದರೆ ಸಪಾಟು ಮಡಿ ಬೇಡ, 15 ಸೆಂ.ಮೀ. ಎತ್ತರದ ಏರು ಮಡಿ ಮಾಡಬೇಕು. ಕೀಳುವ 10–15 ದಿನ ಮೊದಲೇ ನೀರು ನಿಲ್ಲಿಸಬೇಕು.

ತಪ್ಪುಗಳೂ ಇವೆ. ಜಿಪ್ಸಂ ಮಣ್ಣಿನ ಹುಳಿ ತೆಗೆಯುತ್ತದೆ ಎಂದಿದ್ದೀರಿ; ತೆಗೆಯುವುದಿಲ್ಲ, ಅದಕ್ಕೆ ಸುಣ್ಣ ಬೇಕು. ರೋಗದ ಶಿಲೀಂಧ್ರವನ್ನು ಹತ್ತಿಕ್ಕುವ ಉಪಕಾರಿ ಶಿಲೀಂಧ್ರ ಟ್ರೈಕೋಡರ್ಮಾ ಜೊತೆ ಶಿಲೀಂಧ್ರನಾಶಕ ಕಾರ್ಬೆಂಡಜಿಂ ಬೆರೆಸಿ ಎಂದಿದ್ದೀರಿ. ಆ ಔಷಧ ಟ್ರೈಕೋಡರ್ಮಾವನ್ನೇ ಕೊಲ್ಲುತ್ತದೆ. ಒಂದು ಕೆ.ಜಿ. ಟ್ರೈಕೋಡರ್ಮಾವನ್ನು 100 ಕೆ.ಜಿ. ಕಳಿತ ತಿಪ್ಪೆಗೊಬ್ಬರಕ್ಕೆ ಕಲಸಿ, ಹಸಿ ಆರದಂತೆ ವಾರ ಕಾಲ ನೆರಳಿನಲ್ಲಿಟ್ಟು ಹೊಲಕ್ಕೆ ಹಾಕಲಿ. ‘ಒಂದು ವರ್ಷ ಬೆಳೆ ಬದಲಿಸಿದರೆ ಸಾಕು’ ಎಂಬುದನ್ನು ಹೊಡೆದುಹಾಕಿ. ಫ್ಯುಸೇರಿಯಂ ವರ್ಷಗಟ್ಟಲೆ ಮಣ್ಣಿನಲ್ಲಿ ಉಳಿಯುತ್ತದೆ, ಬಿಳಿ ಕೊಳೆಯ ಕಾಳು 20 ವರ್ಷವೂ ಬದುಕಬಲ್ಲದು. ಉಳ್ಳಾಗಡ್ಡಿ, ಬಳ್ಳೊಳ್ಳಿ ಎರಡನ್ನೂ ಕನಿಷ್ಠ 4 ವರ್ಷ ದೂರವಿಡಬೇಕು.

ನಮ್ಮ ಕಡೆ ಓದುಗರು ಖಂಡಿತ ಕೇಳುವುದು: ತೊಗರಿಯ ನೆಟೆ ರೋಗ ಬಳ್ಳೊಳ್ಳಿಗೆ ಹತ್ತುತ್ತದೆಯೇ? ಇಲ್ಲ. ಅದು ಫ್ಯುಸೇರಿಯಂ ಉಡಂ, ಮುಖ್ಯವಾಗಿ ತೊಗರಿಯನ್ನು ಕಾಡುವ ಬೇರೆ ಜಾತಿ. ಇದಕ್ಕೊಂದು ಪ್ಯಾರಾ ಸೇರಿಸಿ.

ಸೀಳಿದ ಗಡ್ಡೆಯ ಫೋಟೊ, ಆ ಹೊಲದ ರಸಸಾರದ ವರದಿ ಎರಡೂ ಇಟ್ಟು ಸೆಪ್ಟೆಂಬರಿನೊಳಗೆ ಮತ್ತೆ ಕಳಿಸಿ. ನಾಟಿಗೆ ಮೊದಲೇ ರೈತರ ಕೈಗೆ ಸೇರುವಂತೆ ಹಾಕುತ್ತೇನೆ.