ದುಡಿಮೆಯೂ ಪಾಠವಾಗಿರುವ ಬೆರಿಯಾ ಕಾಲೇಜು

ಪ್ರಶ್ನೆ: ಅಮೆರಿಕದ ಬೆರಿಯಾ ಎಂಬ ಸಣ್ಣ ಲಿಬರಲ್ ಆರ್ಟ್ಸ್ ಕಾಲೇಜು (ಸಾಹಿತ್ಯ, ವಿಜ್ಞಾನ ಮುಂತಾದ ಹಲವು ವಿಷಯಗಳ ಸಾಮಾನ್ಯ ಶಿಕ್ಷಣ ಕೊಡುವ ಕಾಲೇಜು) ಬೋಧನಾ ಶುಲ್ಕ ಪಡೆಯದೆ, ಎಲ್ಲ ವಿದ್ಯಾರ್ಥಿಗಳಿಂದಲೂ ಕೆಲಸ ಮಾಡಿಸುತ್ತದೆಯಂತೆ. ಅವರ ದುಡಿಮೆಯಿಂದಲೇ ಕಾಲೇಜು ನಡೆಯುತ್ತಿದೆಯೇ? ಅದರ ಹಿನ್ನೆಲೆಯನ್ನು ತಿಳಿಸುವಿರಾ?

ಉತ್ತರ: ಕೆಂಟಕಿ ರಾಜ್ಯದ ಈ ಕಾಲೇಜು 1892ರಿಂದ ಬೋಧನಾ ಶುಲ್ಕ ಪಡೆದಿಲ್ಲ. ಆದರೆ ಆ ಭಾರವನ್ನು ವಿದ್ಯಾರ್ಥಿಗಳ ದುಡಿಮೆ ಹೊತ್ತಿದೆ ಎಂದು ತಿಳಿಯುವುದು ಸರಿಯಲ್ಲ. ಷರತ್ತಿಲ್ಲದೆ ಉಯಿಲಿನ ಮೂಲಕ ಬರುವ ಹಣವನ್ನು ದಿನದ ಖರ್ಚಿಗೆ ಬಳಸದೆ ಮೂಲಧನಕ್ಕೇ ಸೇರಿಸಬೇಕೆಂದು 1920ರಲ್ಲಿ ಆಡಳಿತ ಮಂಡಳಿ ನಿರ್ಧರಿಸಿತು. ಹಾಗೆ ಬೆಳೆದ ದತ್ತಿನಿಧಿಯ ಆದಾಯವೇ ಕಾಲೇಜಿನ ಮುಖ್ಯ ಆಧಾರ. ದುಡಿಮೆಗೆ ಇರುವ ಕಾರಣ ಬೇರೆ, ಅದರ ಬೇರು ಕಾಲೇಜಿನ ಹುಟ್ಟಿನಲ್ಲಿಯೇ ಇದೆ.

ಗುಲಾಮಗಿರಿಗೆ ಕಾನೂನಿನ ಬೆಂಬಲವಿದ್ದ ಕೆಂಟಕಿಯಲ್ಲಿ, ಅದನ್ನು ಬಹಿರಂಗವಾಗಿ ವಿರೋಧಿಸುತ್ತಿದ್ದ ಪಾದ್ರಿ ಜಾನ್ ಜಿ. ಫೀ 1855ರಲ್ಲಿ ಒಂದೇ ಕೋಣೆಯ ಶಾಲೆಯೊಂದನ್ನು ಆರಂಭಿಸಿದರು. 1859ರ ಕೊನೆಯಲ್ಲಿ ಆಯುಧ ಹಿಡಿದು ಬಂದ ಗುಂಪೊಂದು ಫೀ ಅವರ ಸಂಗಡಿಗರಿಗೆ ಊರು ಬಿಡುವಂತೆ ಬೆದರಿಕೆ ಹಾಕಿತು. ಗುಲಾಮಗಿರಿಯ ವಿಷಯವಾಗಿ ಅಮೆರಿಕದ ಉತ್ತರ ಮತ್ತು ದಕ್ಷಿಣ ರಾಜ್ಯಗಳ ನಡುವೆ ನಡೆದ ಅಂತರ್ಯುದ್ಧದ ನಂತರ ಮತ್ತೆ ತಲೆಯೆತ್ತಿದ ಈ ಸಂಸ್ಥೆಯಲ್ಲಿ 1866ರಲ್ಲಿ 187 ವಿದ್ಯಾರ್ಥಿಗಳಿದ್ದರು. ಅವರಲ್ಲಿ 96 ಮಂದಿ ಕಪ್ಪು ವರ್ಣೀಯರು, 91 ಮಂದಿ ಬಿಳಿಯರು. ಕೆಲವೇ ವರ್ಷಗಳ ಹಿಂದೆ ಮನುಷ್ಯರನ್ನು ಹರಾಜು ಹಾಕುತ್ತಿದ್ದ ನಾಡಿನಲ್ಲಿ ಇವರೆಲ್ಲ ಒಂದೇ ಶಾಲೆಯಲ್ಲಿ ಕಲಿಯುತ್ತಿದ್ದರು ಎಂಬುದೇ ನನ್ನ ಮಟ್ಟಿಗೆ ಈ ಕಾಲೇಜಿನ ಅತಿ ದೊಡ್ಡ ಸಾಧನೆ.

ಆ ಬಾಗಿಲನ್ನು ಮುಚ್ಚಿಸಿದ್ದು 1904ರ ರಾಜ್ಯ ಕಾನೂನು. ಕಪ್ಪು ಮತ್ತು ಬಿಳಿ ವಿದ್ಯಾರ್ಥಿಗಳು ಒಟ್ಟಿಗೆ ಕಲಿಯಬಾರದೆಂದು ಅದು ವಿಧಿಸಿತು. ಕಾಲೇಜು ಅಮೆರಿಕದ ಸುಪ್ರೀಂ ಕೋರ್ಟಿನವರೆಗೂ ಹೋರಾಡಿ 1908ರಲ್ಲಿ ಸೋತಿತು. ಕೆಂಟಕಿಯಲ್ಲಿಯೇ ಹುಟ್ಟಿದ ನ್ಯಾಯಮೂರ್ತಿ ಹಾರ್ಲನ್ ಆ ತೀರ್ಪಿಗೆ ಭಿನ್ನಮತ ಬರೆದರು. ಮುಂದೆ ಕಪ್ಪು ವರ್ಣೀಯರ ಇತಿಹಾಸದ ಅಧ್ಯಯನಕ್ಕೆ ಅಡಿಪಾಯ ಹಾಕಿದ ಕಾರ್ಟರ್ ವುಡ್ಸನ್ ಇಲ್ಲಿಂದ ಪದವಿ ಪಡೆದದ್ದು 1903ರಲ್ಲಿ, ಕಾನೂನು ಬರುವುದಕ್ಕೆ ಒಂದೇ ವರ್ಷ ಮೊದಲು. ಅವರಂಥ ಇನ್ನೆಷ್ಟು ಮಂದಿ ಹೊರಗೇ ಉಳಿದರೋ ಎಂದು ನೆನೆದರೆ ಮನಸ್ಸು ನೋಯುತ್ತದೆ. 1950ರಲ್ಲಿ ಕಾನೂನು ತಿದ್ದುಪಡಿಯಾದ ಬಳಿಕವಷ್ಟೇ ಬೆರಿಯಾ ತನ್ನ ಹಳೆಯ ದಾರಿಗೆ ಮರಳಿತು.

ಈಗ ದುಡಿಮೆಯ ವಿಷಯಕ್ಕೆ ಬರೋಣ. ಗುಲಾಮಗಿರಿಯನ್ನು ವಿರೋಧಿಸಿ ಹುಟ್ಟಿದ ಈ ಕಾಲೇಜಿಗೆ, ದುಡಿಮೆಯೂ ಗೌರವದ್ದೇ ಎಂದು ತೋರಿಸುವುದು ಮುಖ್ಯವಾಗಿತ್ತು. ಇಲ್ಲಿನ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಕಡಿಮೆ ಆದಾಯದ ಕುಟುಂಬಗಳಿಂದ ಬಂದವರು. ಪ್ರತಿಯೊಬ್ಬರೂ ಓದಿನ ಜೊತೆಗೆ ವಾರಕ್ಕೆ ಕನಿಷ್ಠ 10 ಗಂಟೆ ಕೆಲಸ ಮಾಡಲೇಬೇಕು, ಅದಕ್ಕೆ ಸಂಬಳವೂ ಉಂಟು. ನೇಯ್ಗೆಯ ಕೋಣೆಯಲ್ಲಿ ಮಗ್ಗದ ಮುಂದೆ ಕುಳಿತ ವಿದ್ಯಾರ್ಥಿನಿ ಹಾಸಿನ ನೂಲುಗಳ ನಡುವೆ ಲಾಳಿ ತೂರಿಸಿ ಹೊಕ್ಕನ್ನು ಬಿಗಿಯಾಗಿ ಬಡಿಯುತ್ತಾಳೆ. ಇನ್ನೊಂದೆಡೆ ಪೊರಕೆಯ ಒಣ ಕಡ್ಡಿಗಳನ್ನು ಹಿಡಿಗೆ ಸುತ್ತಿ ಗಟ್ಟಿ ದಾರದಿಂದ ಬಿಗಿಯುವ ಕೆಲಸ ನಡೆದಿರುತ್ತದೆ. ಓದುವ ಕೈಗಳೇ ಪೊರಕೆ ಕಟ್ಟುವಾಗ, ಕೈಕೆಲಸ ಕೀಳು ಎಂಬ ಭಾವನೆಗೆ ನೆಲೆಯೇ ಸಿಗುವುದಿಲ್ಲ.

ಪ್ರಶ್ನೆ: ಹಾಗಾದರೆ ಎಲ್ಲರೂ ಕೈಕಸುಬನ್ನೇ ಕಲಿಯಬೇಕೇ?

ಉತ್ತರ: ಇಲ್ಲ. ಗ್ರಂಥಾಲಯ, ಪ್ರಯೋಗಾಲಯ, ಕಚೇರಿ, ತೋಟ, ಕಾಲೇಜಿನದೇ ಆದ ಬೂನ್ ಟ್ಯಾವರ್ನ್ ಹೋಟೆಲು, ಹೀಗೆ ಎಲ್ಲೆಡೆ ಕೆಲಸವಿದೆ. ಬಿಡುವೂ ಇಲ್ಲದಿಲ್ಲ: ಪ್ರತಿವರ್ಷ ಶರತ್ಕಾಲದ ಒಂದು ದಿನ ತರಗತಿಗಳನ್ನು ನಿಲ್ಲಿಸಿ, ಎಲ್ಲರೂ ಕಾಲೇಜಿನ ಕಾಡಿನೊಳಗಿನ ಬಂಡೆಬೆಟ್ಟಗಳನ್ನು ಹತ್ತುತ್ತಾರೆ.