ಓದುಗರ ಪ್ರಶ್ನೆ: ಫ್ರೆಂಚಿನಲ್ಲಿ ಪೋಪ್, ತಾಮ್ರದ ಅಚ್ಚಿನ ಚಿತ್ರಗಳ ಜೊತೆ

ಪ್ರಶ್ನೆ: ಹಳೆ ಪುಸ್ತಕದಂಗಡಿಯಲ್ಲಿ ಇಂಗ್ಲಿಷ್ ಕವಿ ಅಲೆಕ್ಸಾಂಡರ್ ಪೋಪನ 'ಎಸ್ಸೇ ಆನ್ ಮ್ಯಾನ್' ಕಾವ್ಯದ ಫ್ರೆಂಚ್ ಅನುವಾದ ಕೊಂಡೆ. ಲೋಸಾನ್ (ಸ್ವಿಟ್ಜರ್ಲೆಂಡಿನ ಊರು), 1745 ಎಂದಿದೆ, ಚಿತ್ರಗಳಿವೆ. ಅನುವಾದಕ ಯಾರು? ಅಸಲಿಯೇ, ಪುಟ ಹೋಗಿದೆಯೇ ಎಂದು ತಿಳಿಯುವುದು ಹೇಗೆ? ಮಳೆಗಾಲಕ್ಕೆ ಮಂಗಳೂರಿಗೆ ತರುತ್ತಿದ್ದೇನೆ.
– ಓದುಗರು, ಜಿನೀವಾ

ಉತ್ತರ: ಪಠ್ಯ ಗದ್ಯದಲ್ಲಿದ್ದರೆ ಎತಿಯೆನ್ ದ ಸಿಲುಎತ್‌ನ ಅನುವಾದ, ಮೊದಲು ಬಂದದ್ದು 1736ರಲ್ಲಿ. ಪದ್ಯವಾದರೆ ಅಬ್ಬೆ (ಪಾದ್ರಿ) ದು ರೆನೆಲ್‌ನದು, 1737. ರೆನೆಲ್ ಸಾಲುಗಳನ್ನು ಹಿಗ್ಗಿಸಿ, ಹಿಂದುಮುಂದು ಮಾಡಿದ್ದಾನೆ. ಮೂಲಕ್ಕೆ ಹತ್ತಿರವಿರುವುದು ಗದ್ಯವೇ. ಪೋಪನನ್ನು ಕಟುವಾಗಿ ಖಂಡಿಸಿದ ಲೋಸಾನಿನ ಪಂಡಿತ ಕ್ರೂಸಾ ಓದಿಕೊಂಡದ್ದೂ ಫ್ರೆಂಚ್ ಅನುವಾದಗಳನ್ನೇ. ಹಾಗಾಗಿ ನಿಮ್ಮ ಕೈಲಿರುವುದು ಯಾವುದು ಎಂಬುದು ಮುಖ್ಯ.

ಚಿತ್ರದ ಸುತ್ತ ಬೆರಳಾಡಿಸಿ. ತಾಮ್ರದ ತಗಡು ಒತ್ತಿದ ಆಯತದ ತಗ್ಗು ಸಿಗಬೇಕು. ಹತ್ತು ಪಟ್ಟು ದೊಡ್ಡದಾಗಿ ತೋರುವ ಮಸೂರದಲ್ಲಿ ಗೆರೆಗಳು ಗೆರೆಗಳಾಗಿಯೇ ಕಾಣಬೇಕು. ಸಾಲುಸಾಲು ಚುಕ್ಕೆ ಕಂಡರೆ ಅದು ಆಮೇಲಿನ ನಕಲು. ಹಾಳೆಯನ್ನು ಬೆಳಕಿಗೆ ಹಿಡಿಯಿರಿ: ಆ ಕಾಲದ ಕೈಕಾಗದದಲ್ಲಿ ಸುಮಾರು ಎರಡೂವರೆ ಸೆಂಟಿಮೀಟರಿಗೊಂದು ಗೆರೆ ಹಾದಿರುತ್ತದೆ. ಕ್ವಾರ್ಟೊ ಆಕಾರದ (ದೊಡ್ಡ ಹಾಳೆಯನ್ನು ಎರಡು ಸಲ ಮಡಿಸಿದ) ಪುಸ್ತಕದಲ್ಲಿ ಆ ಗೆರೆಗಳು ಅಡ್ಡಡ್ಡ, ಆಕ್ಟೇವೊದಲ್ಲಿ (ಮೂರು ಸಲ ಮಡಿಸಿದ್ದು) ಉದ್ದುದ್ದ.

ಇಂಥ ಪುಸ್ತಕಕ್ಕೆ ಬರುವ ದೊಡ್ಡ ಕೇಡು, ಗೋಡೆಗೆ ಚೌಕಟ್ಟು ಹಾಕಿಸಲು ಚಿತ್ರ ಕಿತ್ತುಕೊಳ್ಳುವುದು. ಚಿತ್ರದ ಹಾಳೆಗಳು ಬೇರೆಯಾಗಿ ಅಚ್ಚಾಗಿ, ಆಮೇಲೆ ಸೇರಿಸಿದಂಥವು. ಹಾಗಾಗಿ ಪುಟಸಂಖ್ಯೆ ಸರಿಯಿದ್ದ ಮಾತ್ರಕ್ಕೆ ನಂಬಬೇಡಿ. ಹೊಲಿಗೆಯ ಬಳಿ ಹಾಳೆಯ ತುಂಡು ಉಳಿದಿದೆಯೇ ನೋಡಿ. ಎದುರು ಪುಟದ ಮೇಲೆ ಕಂದು ನೆರಳಿನಂತೆ ಚಿತ್ರದ ಅಚ್ಚು ಬಿದ್ದಿದ್ದು, ಪಕ್ಕದಲ್ಲಿ ಚಿತ್ರವಿಲ್ಲದಿದ್ದರೆ ಅದು ಹೋಗಿದೆ ಎಂದೇ ಅರ್ಥ. ಅದೇ ಆವೃತ್ತಿಯ ಗ್ರಂಥಾಲಯ ಪ್ರತಿಯೊಂದಿಗೆ ಹೋಲಿಸಿದರೆ ಲೆಕ್ಕ ಖಚಿತವಾಗುತ್ತದೆ.

ಮಂಗಳೂರಿನ ಮಳೆಗಾಲವೇ ನಿಜವಾದ ಭಯ. ತೇವಾಂಶ ಶೇ. 65 ದಾಟಿ ನಿಂತರೆ ಬೂಸು ಹಿಡಿಯುತ್ತದೆ. 45ರಿಂದ 55ರ ನಡುವೆ ಇಡಿ, ಕಪಾಟಿನೊಳಗೆ ತೇವ ಅಳೆಯುವ ಸಣ್ಣ ಮಾಪಕವಿರಲಿ. ಪ್ಲಾಸ್ಟಿಕ್ ಚೀಲ ಬೇಡ, ಒಳಗಿನ ತೇವ ಅಲ್ಲೇ ಉಳಿಯುತ್ತದೆ. ಆಮ್ಲರಹಿತ ಕಾಗದದ ಪೆಟ್ಟಿಗೆ ಸಾಕು. ಸೆಲ್ಲೊಟೇಪು, ಲ್ಯಾಮಿನೇಷನ್ ಹತ್ತಿರವೂ ಸುಳಿಯಬಾರದು. ತೊಗಲಿನ ರಟ್ಟು ಕೆಂಪು ಪುಡಿ ಉದುರಿಸುತ್ತಿದ್ದರೆ ಎಣ್ಣೆ ಹಚ್ಚಬೇಡಿ, ಕಲೆ ಕಾಗದಕ್ಕೆ ಇಳಿಯುತ್ತದೆ. ಕಂದು ಚುಕ್ಕೆಗಳನ್ನು ಬ್ಲೀಚು ಮಾಡಬೇಡಿ, ನಾರು ಸಡಿಲವಾಗುತ್ತದೆ. ಓದುವಾಗ ಎರಡೂ ರಟ್ಟಿನ ಕೆಳಗೆ ಮಡಿಸಿದ ಬಟ್ಟೆಯಿಟ್ಟು 120 ಡಿಗ್ರಿಗಿಂತ ಹೆಚ್ಚು ತೆರೆಯದಿರಿ. ಕೈಗವಸಿಗಿಂತ ತೊಳೆದು ಒಣಗಿಸಿದ ಬೆರಳೇ ಒಳ್ಳೆಯದು.