ತಮ್ಮಾ, ಸೋಮವಾರ ಮೊದಲು ಪ್ರೆಪ್ ರೂಮಿಗೆ ಹೋಗು

ಅಕ್ಕ ಅಂತ ಕರೆದಿದ್ದೀಯ, ಹಾಗಾಗಿ ಏಕವಚನದಲ್ಲೇ ಬರೆಯುತ್ತಿದ್ದೇನೆ. ನಿನ್ನ ಪತ್ರ ಎರಡು ಸಲ ಓದಿದೆ. ದಾವಣಗೆರೆಯಲ್ಲಿ ಒಂದು ವರ್ಷ ಹೈಸ್ಕೂಲಿಗೆ ಪಾಠ ಮಾಡಿ, ಸೆಪ್ಟೆಂಬರಿನಲ್ಲಿ ಇಂಗ್ಲೆಂಡಿನ ಲೆಸ್ಟರ್‌ಗೆ ಬಂದಿದ್ದೀಯ. ಗುರುವಾರ ಕೊನೆಯ ಪೀರಿಯಡ್‌ನಲ್ಲಿ ಇಯರ್ ನೈನ್ (ಹದಿಮೂರು-ಹದಿನಾಲ್ಕು ವರ್ಷದ) ಹುಡುಗರು ಗ್ಯಾಸಿನ ನಲ್ಲಿಗಳನ್ನು ತಿರುಗಿಸಿ ಆಟ ಆಡಿದರು, ಪ್ರಯೋಗ ಅರ್ಧಕ್ಕೇ ನಿಂತಿತು. ಒಬ್ಬ ಹುಡುಗಿ ಎಲ್ಲರೆದುರು "ನೀವು ಹೇಳೋದು ಅರ್ಥವೇ ಆಗ್ತಿಲ್ಲ ಸರ್" ಅಂದಳು. ಅದೇ ಹೊತ್ತಿಗೆ ವಿಭಾಗದ ಮುಖ್ಯಸ್ಥರು ಬಾಗಿಲಲ್ಲಿದ್ದರು. ಬಸ್ ಸ್ಟಾಪಿನಲ್ಲಿ ಅತ್ತುಬಿಟ್ಟೆ, ವಾಪಸ್ ಊರಿಗೆ ಹೋಗಿಬಿಡಲಾ ಅಂತ ಕೇಳಿದ್ದೀಯ.

ಬೇಡ. ನವೆಂಬರಿನಲ್ಲಿ ಅಂಥ ಯಾವ ನಿರ್ಧಾರವನ್ನೂ ಮಾಡಬೇಡ. ನಾಲ್ಕೂಕಾಲಿಗೆಲ್ಲ ಕತ್ತಲಾಗುವ ತಿಂಗಳು ಇದು. ಈ ದೇಶದಲ್ಲೇ ಹುಟ್ಟಿದ ಟೀಚರುಗಳೂ ಈಗ ಸ್ಟಾಫ್ ರೂಮಿನಲ್ಲಿ ಸೋತು ಕೂತಿರುತ್ತಾರೆ, ಗಮನಿಸಿ ನೋಡು.

ಊರಲ್ಲಿ ನಾವು ಬಾಗಿಲು ದಾಟುವಷ್ಟರಲ್ಲಿ ಇಡೀ ಕ್ಲಾಸು ಎದ್ದು ನಿಂತು "ನಮಸ್ತೇ ಸಾರ್" ಅಂತ ರಾಗ ಎಳೆಯುತ್ತಿತ್ತು ಅಲ್ವಾ? ಆ ಗೌರವ ನಮಗಿಂತ ಮುಂಚೆ ಬಂದ ಮೇಷ್ಟ್ರುಗಳು ಸಂಪಾದಿಸಿ ಇಟ್ಟು ಹೋದದ್ದು. ನಾವು ಕೆಲಸಕ್ಕೆ ಸೇರಿದ ದಿನವೇ ಅದು ನಮ್ಮ ಕೈಗೆ ಬಂತು. ಇಲ್ಲಿ ಪ್ರತಿಯೊಬ್ಬರೂ ಸೊನ್ನೆಯಿಂದ ಸಂಪಾದಿಸಬೇಕು. ಆ ಹುಡುಗರು ನಿನ್ನನ್ನು ಬೇಕಂತಲೇ ಅವಮಾನ ಮಾಡಿದರು ಅಂತ ನನಗೆ ಅನ್ನಿಸುತ್ತಿಲ್ಲ. ಹೊಸಬರು ಯಾರೇ ಬಂದರೂ ಎಲ್ಲಿಯವರೆಗೆ ಬಿಡುತ್ತಾರೆ ಅಂತ ನೋಡುತ್ತಾರೆ, ಅಷ್ಟೇ.

ಆ ಹುಡುಗಿಯ ಮಾತು ನಿನಗೆ ಜಾಸ್ತಿ ನೋವು ಕೊಟ್ಟಿದೆ. ಆದರೆ ಅವಳು ನಿಜ ಹೇಳಿರಬಹುದು, ಮತ್ತು ಅದು ಸರಿಹೋಗುವ ಸಂಗತಿ. ನಮಗೆ ಇರುವುದು ಒಂದೇ "ವ". ಇಂಗ್ಲಿಷಿನವರಿಗೆ ಎರಡು. "ವೇವ್" ಅನ್ನೋ ಪದದಲ್ಲಿ ಎರಡೂ ಇವೆ. ಮೊದಲನೆಯದಕ್ಕೆ ತುಟಿ ದುಂಡಗಾಗಬೇಕು, ಕೊನೆಯದಕ್ಕೆ ಮೇಲಿನ ಹಲ್ಲು ಕೆಳತುಟಿಗೆ ತಾಗಬೇಕು. ಭೌತಶಾಸ್ತ್ರದವನು ನೀನು, ದಿನಕ್ಕೆ ಇಪ್ಪತ್ತು ಸಲ ಆ ಪದ ಬರುತ್ತದೆ. ಕನ್ನಡಿ ಮುಂದೆ ನಿಂತು ಹೇಳಿ ನೋಡು. ಇನ್ನೊಂದು, "ಎನಿ ಡೌಟ್ಸ್?" ಅಂತ ಕೇಳಬೇಡ. ನಮ್ಮಲ್ಲಿ ಡೌಟ್ ಅಂದರೆ ಪ್ರಶ್ನೆ. ಇಲ್ಲಿಯ ಮಗುವಿಗೆ ಅದು ಅನುಮಾನ, ಅಪನಂಬಿಕೆ. ಹಾಗೇ ನಾವು ಹೂಂ ಅನ್ನೋಕೆ ತಲೆಯನ್ನು ಪಕ್ಕಕ್ಕೆ ಆಡಿಸುತ್ತೇವೆ ನೋಡು, ಅದನ್ನು ಇಲ್ಲಿಯ ಮಕ್ಕಳು "ತಪ್ಪು" ಅಂತ ಓದಿಕೊಳ್ಳುತ್ತಾರೆ. ಸರಿ ಉತ್ತರ ಕೊಟ್ಟ ಒಬ್ಬ ಹುಡುಗ ಸಪ್ಪೆ ಮುಖ ಮಾಡಿ ಕೂತಾಗಲೇ ನನಗೆ ಇದು ತಿಳಿದದ್ದು.

ಈಗ ಪ್ರೆಪ್ ರೂಮಿನ, ಅಂದರೆ ಲ್ಯಾಬಿನ ಸಾಮಾನು ಸಿದ್ಧಮಾಡಿ ಇಡುವ ಕೋಣೆಯ ವಿಷಯ. ನಾನು ಸಾಗರದಿಂದ 2007ರಲ್ಲಿ ಬಂದೆ. ಆಗ ನಮ್ಮ ಬಿ.ಎಡ್.ಗೆ ಇಲ್ಲಿ ನೇರ ಮಾನ್ಯತೆ ಇರಲಿಲ್ಲ, ಮತ್ತೆ ಒಂದು ವರ್ಷ ಓದಿ ಕೆಲಸಕ್ಕೆ ಸೇರಿದೆ. (ಭಾರತದ ವಿಜ್ಞಾನ, ಗಣಿತ ಶಿಕ್ಷಕರು ಇಲ್ಲಿಯ ಅರ್ಹ ಶಿಕ್ಷಕರ ಮಾನ್ಯತೆಯಾದ ಕ್ಯೂಟಿಎಸ್‌ಗೆ ನೇರವಾಗಿ ಅರ್ಜಿ ಹಾಕುವ ದಾರಿ ತೆರೆದದ್ದು 2023ರಲ್ಲಿ.) ಊರಲ್ಲಿ ಬೀರುವಿನಿಂದ ಗಾಜಿನ ಸಾಮಾನು ನಾವೇ ತೆಗೆಯುತ್ತಿದ್ದೆವು, ಇಲ್ಲಿ ಅದಕ್ಕೆಂದೇ ಟೆಕ್ನಿಷಿಯನ್ ಇದ್ದರು. ನಾನು ಅವರನ್ನು ಅಟೆಂಡರ್ ಅಂದುಕೊಂಡಿದ್ದೆ. ಬೇಕಾದ ಸಾಮಾನಿನ ಚೀಟಿಯನ್ನು ಒಂದು ವಾರ ಮುಂಚೆ ಇಟ್ಟು ಬರುತ್ತಿದ್ದೆ, ಟ್ರಾಲಿ ಬರುತ್ತಿತ್ತು. ಮಾತೇ ಆಡಿಸುತ್ತಿರಲಿಲ್ಲ. ಅದು ತಪ್ಪು.

ಒಂದು ದಿನ ತಾಮ್ರದ ಸಲ್ಫೇಟ್ ಮಾಡುವ ಪಾಠ ಪೂರ್ತಿ ಕೈಕೊಟ್ಟಿತು. ಬೆಂಚಿನ ತುಂಬ ಕಾಪರ್ ಆಕ್ಸೈಡಿನ ಕಪ್ಪು ಪುಡಿ, ಒಂದು ಬಟ್ಟಲು ಬಿರುಕು, ಮೂವತ್ತು ಮಕ್ಕಳ ಗಲಾಟೆ. ಎಲ್ಲ ಮುಗಿದ ಮೇಲೆ ಆ ವಯಸ್ಸಾದ ಟೆಕ್ನಿಷಿಯನ್ ಒದ್ದೆ ಬಟ್ಟೆ ಹಿಡಿದು ಬಂದರು. ಒರೆಸುತ್ತಲೇ, "ನಾಳೆ ಬೆಳಿಗ್ಗೆ ಎಂಟಕ್ಕೆ ಬಾ, ನನಗೆ ಒಂದ್ಸಲ ಮಾಡಿ ತೋರಿಸು" ಅಂದರು.

ಹೋದೆ. ಅವರು ಸ್ಟೂಲಿನ ಮೇಲೆ ಕೂತು ನೋಡಿದರು. ಆ್ಯಸಿಡ್ ಕುದಿಯಬಾರದು, ಬಿಸಿಯಾದರೆ ಸಾಕು ಅಂದರು. ಪುಡಿಯನ್ನು ಚಿಟಿಕೆ ಚಿಟಿಕೆಯಾಗಿ ಹಾಕಿ, ಕಪ್ಪು ಕರಗದೆ ಉಳಿದಾಗ ನಿಲ್ಲಿಸಿ ಸೋಸು ಅಂದರು. ಬಟ್ಟಲಿನ ನೀಲಿ ನೀರನ್ನು ಪೂರ್ತಿ ಒಣಗಿಸದೆ ಕಿಟಕಿ ಪಕ್ಕ ಬಿಡು, ಹರಳು ತಾನೇ ಕಟ್ಟುತ್ತದೆ ಅಂದರು. ಆಮೇಲೆ ಹೇಳಿದ್ದೇ ಮುಖ್ಯವಾದದ್ದು: "ಮೂವತ್ತು ಜನರನ್ನೂ ಒಂದೇ ಟ್ರಾಲಿಗೆ ಕಳಿಸಿದೆ. ಜಗಳ ಹುಟ್ಟಿದ್ದು ಅಲ್ಲಿ." ಕಣ್ಣಿನ ರಕ್ಷಣೆಯ ಕನ್ನಡಕ ಒಂದು ಮೂಲೆ, ಬೀಕರ್ ಇನ್ನೊಂದು ಮೂಲೆ, ಹೀಗೆ ಐದು ಕಡೆ ಹಂಚಿ ಇಡೋಕೆ ಅವರೇ ಕಲಿಸಿದರು. ಎಷ್ಟೋ ಟೀಚರುಗಳ ಪಾಠ ಅವರು ಬಾಗಿಲಿನಿಂದ ನೋಡಿದ್ದರು. ಯಾವ ಟ್ರೈನಿಂಗಿನಲ್ಲೂ ನನಗೆ ಇಷ್ಟು ಸಿಕ್ಕಿರಲಿಲ್ಲ.

ಅದಕ್ಕೇ ಹೇಳುತ್ತಿದ್ದೇನೆ, ಸೋಮವಾರ ಬೇಗ ಹೋಗಿ ನಿಮ್ಮ ಟೆಕ್ನಿಷಿಯನ್ ಜೊತೆ ಒಂದು ಕಪ್ ಟೀ ಕುಡಿ. ಗುರುವಾರ ಏನಾಯಿತು ಅಂತ ಮುಚ್ಚಿಡದೆ ಹೇಳು. ಗ್ಯಾಸಿನ ಮುಖ್ಯ ವಾಲ್ವ್ ನಿನ್ನ ಲ್ಯಾಬಿನಲ್ಲಿ ಎಲ್ಲಿದೆ, ಹೇಗೆ ಬಂದ್ ಮಾಡೋದು ಅಂತ ಕೇಳಿ ತಿಳಿದುಕೋ. ಎಲ್ಲರೂ ಕನ್ನಡಕ ಹಾಕಿ ಸುಮ್ನೆ ನಿಲ್ಲುವವರೆಗೆ ಅದನ್ನು ತೆರೆಯಬೇಡ. ಕ್ಲೀಪ್ಸ್ ಅನ್ನೋ ಸಂಸ್ಥೆ ಶಾಲೆಯ ಪ್ರಯೋಗಗಳಿಗೆ ಸುರಕ್ಷತೆಯ ಸಲಹೆ ಕೊಡುತ್ತದೆ, ಅದರ ಹಾಳೆಗಳನ್ನೂ ತೋರಿಸು ಅನ್ನು.

ನಿನ್ನ ಹಕ್ಕಿನದನ್ನೂ ಕೇಳಿ ಪಡೆ. ಒಂದೇ ವರ್ಷದ ಅನುಭವ ಇರುವುದರಿಂದ ನೀನು ಇಸಿಟಿ, ಅಂದರೆ ವೃತ್ತಿಯ ಆರಂಭದಲ್ಲಿರುವ ಶಿಕ್ಷಕ ಅಂತ ಲೆಕ್ಕ. ಮೊದಲ ವರ್ಷ ಶೇ. 10ರಷ್ಟು, ಎರಡನೇ ವರ್ಷ ಶೇ. 5ರಷ್ಟು ಪಾಠ ಕಡಿಮೆ ಇರಬೇಕು. ಪಾಠ ತಯಾರಿಗೆ ಎಲ್ಲರಿಗೂ ಕೊಡುವ ಶೇ. 10 ಬೇರೆ. ಮೆಂಟರ್ ಜೊತೆ ಕೂರುವ ಹೊತ್ತನ್ನು ಯಾರೂ ಕವರ್ ಪಾಠಕ್ಕೆ (ರಜೆಯಲ್ಲಿರುವ ಟೀಚರ ಬದಲಿ ಕ್ಲಾಸಿಗೆ) ಎಳೆದುಕೊಳ್ಳದ ಹಾಗೆ ನೋಡಿಕೋ.

ಆಮೇಲೆ ಶುಕ್ರವಾರ ಯಾರಾದರೂ ಒಬ್ಬ ವಿದ್ಯಾರ್ಥಿಯ ಮನೆಗೆ ಒಂದು ಫೋನ್ ಮಾಡು. ನನ್ನ ಮೊದಲ ವರ್ಷ ತುಂಬಾ ಕಾಡುತ್ತಿದ್ದ ಒಬ್ಬ ಹುಡುಗ ಒಂದು ದಿನ ಗ್ರಾಫ್ ಚೆನ್ನಾಗಿ ಬರೆದಿದ್ದ. ಅವನ ಮನೆಗೆ ಫೋನ್ ಮಾಡಿದೆ. ಶಾಲೆಯಿಂದ ಅಂದ ಕೂಡಲೇ ಅವರಮ್ಮ, "ಇವತ್ತೇನು ಮಾಡಿದ?" ಅಂತ ದಣಿದ ದನಿಯಲ್ಲಿ ಕೇಳಿದರು. ಗ್ರಾಫ್ ವಿಷಯ ಹೇಳಿದೆ. ಸ್ವಲ್ಪ ಹೊತ್ತು ಆ ಕಡೆಯಿಂದ ಮಾತೇ ಇಲ್ಲ. ಆಮೇಲೆ ಅವರು ಅಳುತ್ತಿರುವುದು ಕೇಳಿಸಿತು. ಸೋಮವಾರ ಆ ಹುಡುಗ ಬಂದವನೇ ಟ್ರಾಲಿ ತಳ್ಳೋಕೆ ಕೈಹಾಕಿದ. ನಿನ್ನ ಕ್ಲಾಸಿನಲ್ಲಿ ನಲ್ಲಿ ತಿರುಗಿಸಿದವರಲ್ಲೂ ಯಾರಾದರೂ ಈ ವಾರ ಏನಾದರೂ ಒಂದು ಸರಿಯಾಗಿ ಮಾಡಿಯೇ ಮಾಡುತ್ತಾರೆ. ಕಣ್ಣಿಟ್ಟು ಕಾಯಿ.

ಮುಂದಿನ ಶನಿವಾರ ಕವೆಂಟ್ರಿಗೆ ಬಾ. ನೇರ ರೈಲಿಲ್ಲ, ನನೀಟನ್‌ನಲ್ಲಿ ಬದಲಿಸಬೇಕು. ಅಕ್ಕಿರೊಟ್ಟಿ ಮಾಡಿರುತ್ತೇನೆ. ಗುರುವಾರದ ಪಾಠದ ಹಾಳೆ, ಸೀಟಿಂಗ್ ಪ್ಲಾನ್ ಎರಡೂ ತಗೊಂಡು ಬಾ. ಊಟ ಆದ ಮೇಲೆ ಕೂತು, ಯಾರನ್ನು ಎಲ್ಲಿ ಕೂರಿಸಬೇಕು ಅಂತ ಒಬ್ಬೊಬ್ಬರನ್ನೇ ನೋಡೋಣ.